ಗೊತ್ತಿದ್ದವರ ಬೆಂಚು

ಭಾನುವಾರ. ಊರು ಇನ್ನೂ ಮಗ್ಗುಲು ಬದಲಿಸುತ್ತ ಮಲಗಿರುವ ಹೊತ್ತು. ಒಂದು ಕೈಯಲ್ಲಿ ಚಹಾದ ಫ್ಲಾಸ್ಕು, ಇನ್ನೊಂದರಲ್ಲಿ ಪೊರಕೆ ಹಿಡಿದ ಹೆಂಗಸೊಬ್ಬರು ಶಾಲೆಯ ಹಿಂಬದಿಯ ಗೇಟನ್ನು ಮೊಣಕಾಲಿನಿಂದ ತುಸು ಮೇಲೆತ್ತಿ ತಳ್ಳುತ್ತಾರೆ. ಎತ್ತದೆ ತಳ್ಳಿದರೆ ಗೇಟು ಕಿರುಗುಟ್ಟುತ್ತದೆ, ಗೇಟು ಕಿರುಗುಟ್ಟಿದರೆ ಎದುರುಮನೆಯ ನಾಯಿ ಏಳುತ್ತದೆ, ನಾಯಿ ಎದ್ದರೆ ಬೀದಿಗೆ ಬೀದಿಯೇ ಏಳುತ್ತದೆ. ಇಷ್ಟು ವರ್ಷಗಳಲ್ಲಿ ಇವರಿಂದಾಗಿ ಯಾರ ನಿದ್ದೆಯೂ ಕೆಟ್ಟದ್ದಿಲ್ಲ.

ಅವರು ಹೋಗುವುದು ಹಿಂದೆ ಪ್ರಯೋಗಶಾಲೆಯಾಗಿದ್ದ ಕೋಣೆಗೆ. ಮೂಲೆಯ ಸಿಂಕಿಗೆ ನೀರು ಬರುವುದು ನಿಂತು ಯಾವ ಕಾಲವಾಯಿತೋ. ಈಗ ಅದರ ತುಂಬ ಮುರಿದ ಕೈವಾರಗಳು, ಅಂಚು ಸವೆದ ಮರದ ಸ್ಕೇಲುಗಳು. ಗುಡಿಸಿ ಮುಗಿಸಿದವರು ಕರಿಹಲಗೆಯನ್ನು ಮೊದಲು ಒಣಬಟ್ಟೆಯಲ್ಲಿ, ಆಮೇಲೆ ಒದ್ದೆಬಟ್ಟೆಯಲ್ಲಿ, ಮತ್ತೆ ಒಣಬಟ್ಟೆಯಲ್ಲಿ ಒರೆಸುತ್ತಾರೆ. ಎಣ್ಣೆನೀರು ಹಾಕಿದ ಮಗುವಿನ ಮೈ ಒರೆಸಿದ ಹಾಗೆ, ಒಂದು ಸಂದು ಬಿಡದೆ. ಬಳಿಕ ಬೆಂಚುಗಳನ್ನು ಎಳೆದು ದುಂಡಗೆ ಜೋಡಿಸುತ್ತಾರೆ. ಮಕ್ಕಳ ಬೆಂಚುಗಳವು, ದೊಡ್ಡವರು ಕೂತರೆ ಮಂಡಿ ಗದ್ದಕ್ಕೆ ಬರುತ್ತದೆ. ಒಂದು ಬೆಂಚು ಮಾತ್ರ ದುಂಡಿನಿಂದ ಹೊರಗೆ, ಕಿಟಕಿಯ ಕೆಳಗೆ ಹೋಗಬೇಕು. ಇವತ್ತು ಅದರ ತುದಿಗೆ ಕೈಹಾಕಿದವರು ಹಾಗೇ ನಿಂತುಬಿಡುತ್ತಾರೆ. ಕಣ್ಣು ಮುಚ್ಚುತ್ತಾರೆ. ಪ್ರಾರ್ಥನೆಯಿರಬಹುದು, ತುಟಿ ಅಲುಗುವುದಿಲ್ಲ.

ಇವರನ್ನು ಬಲ್ಲವರೆಲ್ಲ ಚಾಕ್‌ಪೀಸ್ ಅಕ್ಕ ಎನ್ನುತ್ತಾರೆ. ಐದನೇ ತರಗತಿಗೆ ಗಣಿತ ಹೇಳಿಕೊಡುವವರು. ಕೈಚೀಲ, ಕನ್ನಡಕದ ಡಬ್ಬಿ, ಕೊಡೆಯ ಮಡಿಕೆ, ಎಲ್ಲಿ ತಡಕಿದರೂ ಒಂದು ತುಂಡು ಚಾಕ್‌ಪೀಸ್ ಸಿಗುತ್ತದೆ. ಅವರ ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಮದುವೆಯಾದಂದಿನಿಂದ ತಮ್ಮ ಮನೆಯ ಸಕ್ಕರೆ ಡಬ್ಬಿಯಲ್ಲೂ ಸುಣ್ಣದ ಪುಡಿ ಇದೆಯೆಂದು ಅವರ ತಕರಾರು.

ಈ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ಸುತ್ತಲಿನ ಶಾಲೆಗಳ ಗಣಿತದ ಮೇಷ್ಟ್ರುಗಳೂ ಟೀಚರುಗಳೂ ಸೇರುತ್ತಾರೆ. ಸೇರಿ ಲೆಕ್ಕ ಬಿಡಿಸುತ್ತಾರೆ. ಮೇಲಿನವರ ಆದೇಶವಿಲ್ಲ, ಹಾಜರಿಯಿಲ್ಲ, ಭತ್ಯೆಯ ಮಾತಂತೂ ಇಲ್ಲವೇ ಇಲ್ಲ. ಚೆನ್ನಾಗಿ ಕೂಡಿದ ದಿನ ಹತ್ತು ಹನ್ನೆರಡು ಜನ, ಪರೀಕ್ಷೆಯ ಕಾಲದಲ್ಲಿ ಮೂರೋ ನಾಲ್ಕೋ. ಒಂದು ಹೊತ್ತಿಗೆ ಒಂದೇ ಲೆಕ್ಕ. ಅದು ಒಂದು ಬೆಳಗಿಗೇ ಮುಗಿಯಬಹುದು, ತಿಂಗಳುಗಟ್ಟಲೆ ಕಾಡಲೂಬಹುದು.

“ವಾರವೆಲ್ಲಾ ಮಕ್ಕಳ ಮುಂದೆ ಎಲ್ಲಾ ಗೊತ್ತಿರೋರ ಥರ ನಿಂತಿರ್ತೀವಿ. ಒಂದು ದಿನವಾದ್ರೂ ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳೋ ಜಾಗ ಬೇಕಲ್ವಾ” ಎನ್ನುತ್ತಾರೆ ಅಕ್ಕ. ಹೇಳಿ ಮುಗಿಸುವುದರೊಳಗೆ ಅವರ ತಲೆ ತಗ್ಗುತ್ತದೆ. ಇಂಥ ಜಾಗವನ್ನು ಕಟ್ಟಿ ಕಾಪಾಡಿದ ಕೈಯಿಂದಲೇ ಅದಕ್ಕೊಂದು ಕಲೆ ತಾಗಿದೆ ಎಂಬುದು ಅವರ ಸಂಕಟ. ಅವರ ಬಗ್ಗೆ ಈ ಪುರವಣಿಗೆ ನಾಲ್ಕು ಸಾಲು ಬರೆಯಬೇಕೆಂದು ಕೇಳಿದಾಗ ಅವರು ಹಾಕಿದ್ದು ಒಂದೇ ಷರತ್ತು. “ಹೊಗಳಿ ಬರೆಯೋದಾದ್ರೆ ದಯವಿಟ್ಟು ಬೇಡ. ಆಗಿದ್ದನ್ನ ಬರೆಯೋದಾದ್ರೆ ಬರೀರಿ.”

ಆಗಿದ್ದನ್ನು ಹೇಳುವ ಮೊದಲು ಅವರು ಬಂದ ದಾರಿಯನ್ನು ಹೇಳಬೇಕು. ಅಕ್ಕ ಓದಿದ್ದು ಗಣಿತವಲ್ಲ, ಭಾಷೆ. ಕೆಲಸಕ್ಕೆ ಸೇರಿದ ವಾರವೇ ಶಾಲೆಯ ಗಣಿತದ ಮೇಷ್ಟ್ರಿಗೆ ವರ್ಗವಾಯಿತು. ಹೆಡ್‌ಮಾಸ್ತರರು ಸುತ್ತ ಒಮ್ಮೆ ಕಣ್ಣಾಡಿಸಿ, ಎಲ್ಲರಿಗಿಂತ ಹೊಸಬರಾಗಿ, ಇಲ್ಲವೆನ್ನಲು ಬಾಯಿ ಬಾರದವರಾಗಿ ಕಂಡ ಇವರ ಕೈಗೆ ಪುಸ್ತಕ ಕೊಟ್ಟರು. ಸಂಜೆ ಮನೆಯಲ್ಲಿ ಭಿನ್ನರಾಶಿ ಕಲಿತು, ಬೆಳಿಗ್ಗೆ ಶಾಲೆಯಲ್ಲಿ ಅದನ್ನೇ ಕಲಿಸಿದರು. “ಮಕ್ಕಳಿಗಿಂತ ಒಂದು ಪುಟ ಮುಂದಿದ್ದೆ, ಅಷ್ಟೇ. ಯಾವಳಾದ್ರೂ ಎರಡು ಪುಟ ಓದ್ಕೊಂಡು ಬಂದಿದ್ರೆ ಅವತ್ತೇ ನನ್ನ ಕಥೆ ಮುಗೀತಿತ್ತು.”

ಈಗಲೂ ಅವರ ತರಗತಿಯಲ್ಲಿ ಎಪ್ಪತ್ತರ ಮೇಲೆ ಮಕ್ಕಳು. ಕೂಗಿ ಕೂಗಿ ಗಂಟಲು ಒರಟಾಗಿದೆ, ಸುಣ್ಣದ ಧೂಳು ಎದೆಯಲ್ಲಿ ಕೂತು ಚಳಿಗಾಲ ಬಂತೆಂದರೆ ಕೆಮ್ಮು. ಶಾಲೆ ಬಿಟ್ಟ ಮೇಲೂ ಹಿಂದುಳಿದವರನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಇನ್ನೊಂದು ಗಂಟೆ. ಮನೆಗೆ ಹೋಗುವಾಗ ಕಂಕುಳಲ್ಲಿ ತಿದ್ದಬೇಕಾದ ಪುಸ್ತಕಗಳ ಕಟ್ಟು. ಇದನ್ನೆಲ್ಲ ಅವರು ದೂರಾಗಿ ಹೇಳುವುದಿಲ್ಲ, ಕೇಳಿದ್ದಕ್ಕೆ ಹೇಳುತ್ತಾರೆ.

ಕೂಟ ಹುಟ್ಟಿದ್ದು ಉತ್ತರಪತ್ರಿಕೆ ತಿದ್ದುವ ಒಂದು ಶಿಬಿರದಲ್ಲಿ. ಯಾವುದೋ ಮಗು ಒಂದು ಲೆಕ್ಕವನ್ನು ಯಾರೂ ಕಲಿಸದ ರೀತಿಯಲ್ಲಿ ಮಾಡಿತ್ತು. ಸರಿಯೆಂದು ಗುರುತು ಹಾಕಬೇಕೋ ತಪ್ಪೆಂದು ಗೀಟು ಎಳೆಯಬೇಕೋ ಅಕ್ಕನಿಗೆ ತಿಳಿಯಲಿಲ್ಲ. ಎದುರಿಗೆ ಕೂತಿದ್ದವರು ಹೈಸ್ಕೂಲಿನ ಹಿರಿಯ ಶಿಕ್ಷಕರು. ಎಲ್ಲರಿಗೂ ಅವರು ದೊಡ್ಡ ಮೇಷ್ಟ್ರು. ಅಕ್ಕ ಹೆದರುತ್ತ ಹಾಳೆಯನ್ನು ಅವರತ್ತ ತಿರುಗಿಸಿದರು. ಅವರು ಬಹಳ ಹೊತ್ತು ನೋಡಿ, ತಮಗೂ ಗೊತ್ತಿಲ್ಲವೆಂದು ಒಪ್ಪಿಕೊಂಡು, ಹೊರಗೆ ಹೋಗಿ ನೋಡೋಣ ಬಾರಮ್ಮಾ ಎಂದು ಎದ್ದರು. ಅವರಂಥವರ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತನ್ನು ಅಕ್ಕ ಕೇಳಿದ್ದು ಅದೇ ಮೊದಲು. ಇಬ್ಬರೂ ಮೆಟ್ಟಿಲ ಮೇಲೆ ಕೂತು, ಊಟದ ಹೊತ್ತು ಮೀರಿಸಿ, ಆ ಮಗು ಮಾಡಿದ್ದು ಸರಿಯೆಂದು ಕಂಡುಕೊಂಡರು. ಮುಂದಿನ ಭಾನುವಾರ ಇಬ್ಬರೇ ಸೇರಿದರು. ಆಮೇಲೆ ಒಬ್ಬೊಬ್ಬರಾಗಿ ಉಳಿದವರು.

ಕೋಣೆಗೊಂದು ಕಟ್ಟಳೆ ಮಾಡಿದ್ದೂ ದೊಡ್ಡ ಮೇಷ್ಟ್ರೇ. ಹೊಸ ಲೆಕ್ಕವನ್ನು ಹಲಗೆಯ ಮೇಲೆ ಬರೆದ ಕೂಡಲೇ, ಇದರ ಉತ್ತರ ಯಾರಿಗೆ ಗೊತ್ತು ಎಂದು ಕೇಳಬೇಕು. ಎಲ್ಲಾದರೂ ಓದಿದವರು, ಯಾರಿಂದಲಾದರೂ ಕೇಳಿದವರು ಎದ್ದು ಕಿಟಕಿಯ ಕೆಳಗಿನ ಬೆಂಚಿಗೆ ಹೋಗಬೇಕು. ಅಲ್ಲಿಗೆ ಹೋದವರು ಚಾಕ್‌ಪೀಸ್ ಮುಟ್ಟುವಂತಿಲ್ಲ, ಮಾತಾಡುವಂತಿಲ್ಲ, ಹುಬ್ಬು ಕೂಡ ಏರಿಸುವಂತಿಲ್ಲ. ಅವರ ಕೆಲಸ ಚಹಾ ಬಗ್ಗಿಸಿ ಕೊಡುವುದು. ‘ಜ್ಞಾನಿಗಳೇ, ಲೋಟ ಖಾಲಿಯಾಯ್ತು’ ಎಂದು ಉಳಿದವರು ಚೇಷ್ಟೆ ಮಾಡುತ್ತಾರೆ. ಯಾಕೆ ಈ ಕಟ್ಟಳೆ ಎಂದು ಹೊಸಬರು ಕೇಳಿದಾಗೆಲ್ಲ ದೊಡ್ಡ ಮೇಷ್ಟ್ರ ಉತ್ತರ ಒಂದೇ.

“ಉತ್ತರ ಎಲ್ಲಿ ಬೇಕಾದ್ರೂ ಸಿಗುತ್ತಪ್ಪಾ. ಗೊತ್ತಿಲ್ಲದೆ ಇರೋ ಸುಖ ಒಂದು ಲೆಕ್ಕಕ್ಕೆ ಒಂದೇ ಸಲ. ಅದನ್ನ ಇನ್ನೊಬ್ಬರಿಂದ ಕದೀಬಾರದು.”

ಯಾರೂ ಕದ್ದಿರಲಿಲ್ಲ. ಆದರೆ ಇಷ್ಟು ವರ್ಷಗಳಲ್ಲಿ ಅಕ್ಕ ಒಂದು ಲೆಕ್ಕವನ್ನೂ ತಾವಾಗಿ ಮೊದಲು ಬಿಡಿಸಿರಲಿಲ್ಲ. ಉಳಿದವರೆಲ್ಲರಿಗೂ ಅಂಥದೊಂದು ದಿನ ಬಂದಿತ್ತು. ‘ಆದರೆ’ ಎನ್ನದೆ ಬಾಯಿ ತೆರೆಯದ ಕಾರಣ ಆದರೆ ಮೇಷ್ಟ್ರು ಎಂದೇ ಹೆಸರಾದ ಪ್ರೈಮರಿಯ ಶಿಕ್ಷಕರಿಗೂ ಬಂದಿತ್ತು. ಈಚೆಗೆ ಸೇರಿದ ಎಂಎಸ್ಸಿ ಮೇಡಂಗಂತೂ ಬಂದ ವಾರವೇ. ಅಕ್ಕನಿಗೆ ಮಾತ್ರ ಎಲ್ಲವೂ ಬೇರೆಯವರು ಬಿಡಿಸಿದ ಮೇಲೆ ಅರ್ಥವಾಗುತ್ತಿತ್ತು. ಗುಡಿಸುವುದು, ಜೋಡಿಸುವುದು, ಚಹಾ ತರುವುದು, ಕೊನೆಗೆ ಉತ್ತರವನ್ನು ಅಂದವಾಗಿ ಹಲಗೆಯ ಮೇಲೆ ಬರೆಯುವುದು ಅವರ ಪಾಲಿಗೆ ಬಂದಿತ್ತು. ಒಂದು ದಿನ ಎಂಎಸ್ಸಿ ಮೇಡಂ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ, ಚಾಕ್‌ಪೀಸ್ ಅವರ ಕೈಗಿಟ್ಟು, ನೀವು ಬರೀರಿ ಅಕ್ಕಾ, ನಿಮ್ಮ ಅಕ್ಷರ ಮುತ್ತಿನ ಹಾಗಿದೆ ಎಂದರು. ಆ ಹೊಗಳಿಕೆ ಅಕ್ಕನ ಅಂಗಾಲಿನಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು. ಯಾರಿಗೂ ಕಾಣುವುದಿಲ್ಲ, ಊರಿದಾಗೆಲ್ಲ ಚುಚ್ಚುತ್ತದೆ.

ಹೀಗಿರುವಾಗ ಆ ಲೆಕ್ಕ ಬಂತು. ಮೂರು ಬದಿಯೂ ಸಮನಾಗಿರುವ ಒಂದು ತ್ರಿಭುಜ ಬರೆಯಿರಿ. ಅದರೊಳಗೆ ಎಲ್ಲಾದರೂ ಒಂದು ಚುಕ್ಕೆ ಇಡಿ. ಚುಕ್ಕೆಯಿಂದ ಮೂರು ಬದಿಗೂ ನೇರವಾಗಿ ಎಷ್ಟೆಷ್ಟು ದೂರವೆಂದು ಅಳೆದು, ಮೂರನ್ನೂ ಕೂಡಿಸಿ. ಚುಕ್ಕೆಯನ್ನು ಒಳಗೆ ಎಲ್ಲಿಗೆ ಸರಿಸಿದರೂ ಮೊತ್ತ ಬದಲಾಗುವುದಿಲ್ಲ. ಯಾಕೆ?

ಹೈಸ್ಕೂಲಿನವರಿಗೆ ಇದು ಸುಲಭವಾಗಿ ಸಿಗಬೇಕಾಗಿತ್ತು. ಆದರೆ ಆಗಷ್ಟೇ ನಿವೃತ್ತರಾಗಿದ್ದ ದೊಡ್ಡ ಮೇಷ್ಟ್ರು ಮೊದಲ ದಿನವೇ ಎಲ್ಲರನ್ನೂ ತಮ್ಮ ದಾರಿಗೆ ಎಳೆದುಕೊಂಡುಬಿಟ್ಟಿದ್ದರು. ರಟ್ಟಿನಲ್ಲಿ ತ್ರಿಭುಜಗಳನ್ನು ಕತ್ತರಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು. ಚುಕ್ಕೆಯನ್ನು ಕೂರಿಸಬೇಡಿ, ನಡೆಸಿ ಎನ್ನುತ್ತಿದ್ದರು. ತಳದ ಗೆರೆಗೆ ಸಮಾನಾಂತರವಾಗಿ ಚುಕ್ಕೆ ನಡೆದರೆ ತಳದಿಂದ ಅದರ ದೂರ ಬದಲಾಗದು. ಒಂದು ಬದಿ ಹತ್ತಿರವಾಗುತ್ತದೆ, ಇನ್ನೊಂದು ದೂರವಾಗುತ್ತದೆ. ಇಲ್ಲಿ ಕಳೆದಷ್ಟೇ ಅಲ್ಲಿ ಕೂಡುತ್ತದೆಂದು ತೋರಿಸಿಬಿಟ್ಟರೆ ಚುಕ್ಕೆಯನ್ನು ಹೀಗೇ ನಡೆಸಿ ನಡೆಸಿ ಒಂದು ಮೂಲೆಗೆ ಮುಟ್ಟಿಸಬಹುದು. ಅಲ್ಲಿ ತ್ರಿಭುಜದ ಎತ್ತರವೊಂದೇ ಉಳಿಯುತ್ತದೆ. ಎಲ್ಲ ಸರಿ. ಕಳೆದಷ್ಟೇ ಕೂಡುವುದು ಯಾಕೆ ಎಂಬಲ್ಲಿ ಮೇಷ್ಟ್ರು ವಾರಗಟ್ಟಲೆ ನಿಂತಿದ್ದರು. ನಿಂತಲ್ಲೇ ಮಗುವಿನಂತೆ ಸುಖವಾಗಿದ್ದರು.

ಒಂದು ಶನಿವಾರ ಸಂಜೆ, ಒಲೆಯ ಮೇಲೆ ಹಾಲಿಟ್ಟು ನಿಂತಿದ್ದ ಅಕ್ಕ ಮೊಬೈಲಿನಲ್ಲಿ ಆ ಲೆಕ್ಕವನ್ನು ಬರೆದು ಹುಡುಕಿದರು. ಹಾಲು ಉಕ್ಕುವುದರೊಳಗೆ ಎರಡು ದಾರಿ ಸಿಕ್ಕಿದವು. ಮೊದಲನೆಯದು ಚುಕ್ಕೆಯನ್ನು ನಡೆಸುವುದು. ಮೇಷ್ಟ್ರ ದಾರಿಯೇ, ಅವರಿಗೆ ಸಿಗದಿದ್ದ ಒಂದೇ ಒಂದು ಮಾತು ಅಲ್ಲಿತ್ತು. ಎರಡನೆಯದು ಇನ್ನೂ ಚಿಕ್ಕದು: ಚುಕ್ಕೆಯನ್ನು ಮೂರು ಮೂಲೆಗೂ ಸೇರಿಸಿದರೆ ಒಳಗೆ ಮೂರು ತ್ರಿಭುಜಗಳಾಗುತ್ತವೆ, ಮೂರರ ತಳವೂ ಒಂದೇ ಅಳತೆ, ಎತ್ತರಗಳೇ ಆ ಮೂರು ದೂರ, ಅವುಗಳ ಕ್ಷೇತ್ರಫಲ ಕೂಡಿಸಿದರೆ ದೊಡ್ಡದರ ಕ್ಷೇತ್ರಫಲ, ಅಲ್ಲಿಗೆ ಮುಗಿಯಿತು.

“ಓದಿದ ಮೇಲೆ ಓದಿಲ್ಲ ಅಂತ ಮಾಡ್ಕೊಳ್ಳೋಕಾಗಲ್ಲ. ಬೆಂಚಿಗೆ ಹೋಗಿ ಕೂತ್ಕೋತೀನಿ ಅಂತಲೇ ಮನೆಯಿಂದ ಹೊರಟಿದ್ದು” ಎನ್ನುತ್ತಾರೆ ಅಕ್ಕ.

ಆದರೆ ಲೆಕ್ಕ ಹಳೆಯದಾಗಿತ್ತು. ಯಾರಿಗೆ ಗೊತ್ತು ಎಂದು ಕೇಳುವುದು ಹೊಸ ಲೆಕ್ಕಕ್ಕೆ ಮಾತ್ರ. ಯಾರೂ ಕೇಳಲಿಲ್ಲ, ಅಕ್ಕ ಎಂದಿನಂತೆ ದುಂಡಿನಲ್ಲೇ ಕೂತರು. ದೊಡ್ಡ ಮೇಷ್ಟ್ರು ಹಲಗೆಯ ಮುಂದೆ ಚುಕ್ಕೆ ನಡೆಸುತ್ತಿದ್ದರು. ಇದು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿದೆ, ಬಿಟ್ಟು ಬೇರೆ ದಾರಿ ನೋಡೋಣ ಸಾರ್ ಎಂದರು ಎಂಎಸ್ಸಿ ಮೇಡಂ. ಮೇಷ್ಟ್ರ ಕೈ ನಿಂತಿತು. ಅವರು ತಿರುಗಿ ನೋಡಿದ್ದು ತಮ್ಮ ಜೊತೆ ಕೂಟ ಕಟ್ಟಿದ ಅಕ್ಕನ ಕಡೆಗೆ.

“ಏನಮ್ಮಾ, ಇದರಲ್ಲಿ ಏನಾದ್ರೂ ಇದೆ ಅನ್ಸುತ್ತಾ ನಿನಗೆ?”

ಇತ್ತು. ಇದೆಯೆಂದು ಆ ಕೋಣೆಯಲ್ಲಿ ಗೊತ್ತಿದ್ದವರು ಅಕ್ಕ ಒಬ್ಬರೇ. ಅವರು ಎದ್ದು, ತಮಗೇನೋ ಹೊಳೆಯುತ್ತಿದೆ ಎಂದು ಹೇಳಿ, ಮೇಷ್ಟ್ರ ಕೈಯಿಂದ ಚಾಕ್‌ಪೀಸ್ ತೆಗೆದುಕೊಂಡರು. ಮೂರು ಗೆರೆ, ಮೂರು ತ್ರಿಭುಜ, ಕ್ಷೇತ್ರಫಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಂಎಸ್ಸಿ ಮೇಡಂ ಬಂದು ತಬ್ಬಿಕೊಂಡರು. ದೊಡ್ಡ ಮೇಷ್ಟ್ರೂ ಭೇಷ್ ಎಂದರು. ಎಂದು, ರಟ್ಟಿನ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ ಜೇಬಿಗಿಳಿಸಿದರು.

“ಆದರೆ ಅಕ್ಕಾ, ನೀವು ಡಸ್ಟರ್ ಮುಟ್ಟಲೇ ಇಲ್ಲವಲ್ಲ!” ಎಂದರು ಆದರೆ ಮೇಷ್ಟ್ರು. ಆ ಕೋಣೆಯಲ್ಲಿ ಅಳಿಸದೆ ಲೆಕ್ಕ ಬಿಡಿಸಿದವರಿಲ್ಲ. ತಪ್ಪುಗೆರೆ ಎಳೆದು, ಅಳಿಸಿ, ಮತ್ತೆ ಎಳೆದು, ತಲೆಯ ಮೇಲೆಲ್ಲ ಬಿಳಿಪುಡಿ ಸುರಿದುಕೊಂಡು ಬಿಡಿಸುವುದು ಅಲ್ಲಿನ ರೂಢಿ. ಅಂದು ಹಲಗೆಯ ಕೆಳಗೆ ನೆಲ ಗುಡಿಸಿಟ್ಟ ಹಾಗೇ ಇತ್ತು.

“ಪಾಪ, ಅವರು ಮೆಚ್ಚಿ ಹೇಳಿದ್ರು. ನನಗೆ ಮಾತ್ರ ಎಲ್ಲರ ಮುಂದೆ ಮೈಮೇಲಿನ ಬಟ್ಟೆ ಜಾರಿದ ಹಾಗಾಯ್ತು.”

ಮುಂದಿನ ಭಾನುವಾರ ದೊಡ್ಡ ಮೇಷ್ಟ್ರು ಬರಲಿಲ್ಲ. ನೆಗಡಿಯಂತೆ ಎಂದರು ಯಾರೋ. ಅದರ ಮುಂದಿನ ವಾರವೂ ಇಲ್ಲ. ನೆಗಡಿ ಅಷ್ಟು ದಿನ ಇರುವುದಿಲ್ಲವೆಂದು ಅಕ್ಕನಿಗೆ ತಿಳಿದಿತ್ತು. ತರಗತಿಯಲ್ಲಿ ಒಬ್ಬಳು ಹುಡುಗಿ ಪುಸ್ತಕದ ಕೊನೆಯ ಪುಟ ತಿರುವಿ ಉತ್ತರ ನೋಡಿಕೊಳ್ಳುತ್ತಿದ್ದುದು ಕಣ್ಣಿಗೆ ಬಿತ್ತು. ಗದರಲು ಹೋದವರು ಹಾಗೇ ಹಲಗೆಯ ಕಡೆ ತಿರುಗಿಕೊಂಡರು. ಹುಡುಗಿಯೇ ಹೆದರಿ ಪುಸ್ತಕ ಮುಚ್ಚಿದಳು. ಅಂದು ಮನೆಯಲ್ಲಿ ಯಜಮಾನರ ಮುಂದೆ ಎಲ್ಲ ಹೇಳಿಕೊಂಡರು. ಅವರು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನೂ ತೆಗೆಯದೆ ಕೇಳಿಸಿಕೊಂಡರು.

“ನಡೀತಿದ್ದ ಗಡಿಯಾರ ಬಿಚ್ಚಿ ಹಾಕಿದ್ದೀಯ. ಅದನ್ನ ನಾನು ಜೋಡಿಸಿ ಕೊಡೋಕಾಗಲ್ಲ ಕಣೇ, ನೀನೇ ಹೋಗ್ಬೇಕು.”

ಅಕ್ಕ ಹೋದರು. ದೊಡ್ಡ ಮೇಷ್ಟ್ರು ಬಾಗಿಲಲ್ಲೇ ಕೂತು ಚಪ್ಪಲಿಗೆ ಪಾಲಿಶ್ ಹಾಕುತ್ತಿದ್ದರು. ಒಳಗೆ ಕರೆದರು, ನೀರು ಕೊಟ್ಟರು, ಶಾಲೆ ಹೇಗಿದೆಯೆಂದು ಕೇಳಿದರು. ಗಣಿತದ ಸುದ್ದಿ ಎತ್ತಲಿಲ್ಲ. ಈ ಭಾನುವಾರ ತಪ್ಪಿಸಬೇಡಿ, ನೀವಿಲ್ಲದೆ ಕೋಣೆ ಬಿಕೋ ಎನ್ನುತ್ತದೆ ಎಂದಷ್ಟೇ ಹೇಳಿ ಅಕ್ಕ ಎದ್ದು ಬಂದರು. ಮಾಡಿದ ತಪ್ಪಿನ ನಾಚಿಕೆಯ ಮೇಲೆ ಹೇಳಲಾಗದ ನಾಚಿಕೆ. ದಾರಿಯುದ್ದಕ್ಕೂ ನೆಲ ನೋಡಿಕೊಂಡೇ ನಡೆದರಂತೆ.

ಇವತ್ತಿನ ಬೆಳಗು ಅದರ ನಂತರದ್ದು. ಒಬ್ಬೊಬ್ಬರೇ ಬರುತ್ತಾರೆ. ದೊಡ್ಡ ಮೇಷ್ಟ್ರು ಎಲ್ಲರಿಗಿಂತ ಕೊನೆಗೆ ಬಂದು ಬಾಗಿಲ ಹತ್ತಿರ ಕೂರುತ್ತಾರೆ, ಜೇಬು ಚಪ್ಪಟೆಯಾಗಿದೆ. ಎಂಎಸ್ಸಿ ಮೇಡಂ ಹೊಸ ಲೆಕ್ಕವೊಂದನ್ನು ಹಲಗೆಯ ಮೇಲೆ ಬರೆದು, ಯಾರಿಗೆ ಗೊತ್ತು ಎಂದು ಕೇಳುತ್ತಾರೆ. ಯಾರೂ ಏಳುವುದಿಲ್ಲ. ಆಮೇಲೆ ಅಕ್ಕ ಏಳುತ್ತಾರೆ. ದುಂಡನ್ನು ದಾಟಿ ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಕೂರುತ್ತಾರೆ. ಇದು ಗೊತ್ತಾ ಅಕ್ಕಾ ನಿಮಗೆ ಎಂದು ಮೇಡಂ ಬೆರಗಾಗುತ್ತಾರೆ.

“ಇದಲ್ಲಮ್ಮಾ. ಹಿಂದಿನದು.”

ಆ ಮಾತು ಒಬ್ಬೊಬ್ಬರಿಗೇ ನಿಧಾನವಾಗಿ ಅರ್ಥವಾಗುತ್ತದೆ. ಅಕ್ಕ ನೋಡುತ್ತಿರುವುದು ಬಾಗಿಲ ಕಡೆಗೆ.

“ಮೇಷ್ಟ್ರೇ, ಇದರಲ್ಲಿ ಏನಾದ್ರೂ ಇದೆಯಾ ಅಂತ ನನ್ನ ಕೇಳಿದ್ರಿ. ಇತ್ತು. ನಿಮ್ಮ ದಾರಿ ಸರಿಯಾಗೇ ಇತ್ತು. ಹಿಂದಿನ ದಿನ ಮೊಬೈಲಲ್ಲಿ ಎರಡೂ ದಾರಿ ಓದಿದ್ದೆ. ಗೊತ್ತಿದ್ದೂ ನಿಮ್ಮ ಕೈಯಿಂದ ಚಾಕ್‌ಪೀಸ್ ಕಿತ್ಕೊಂಡೆ.”

ಬೇರೆ ದಾರಿ ನೋಡೋಣವೆಂದು ತಾವು ಆವತ್ತು ಆಡಿದ ಮಾತನ್ನು ಎಂಎಸ್ಸಿ ಮೇಡಂ ನೆನೆದು ಮುಖ ಕೆಂಪಗೆ ಮಾಡಿಕೊಳ್ಳುತ್ತಾರೆ. ದೊಡ್ಡ ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾರೆ, ಒರೆಸಿದ್ದನ್ನೇ ಒರೆಸುತ್ತಾರೆ.

“ನಾನು ದಡ್ಡನಾದೆ ಅಂದ್ಕೊಂಡೆ ಕಣಮ್ಮಾ. ಕೆಲಸ ಬಿಟ್ಟ ಮೇಲೆ ತಲೇನೂ ಬಿಟ್ಟುಹೋಯ್ತು ಅಂತ ಆ ರಟ್ಟೆಲ್ಲಾ ಹರಿದು ಹಾಕ್ದೆ.” ಕನ್ನಡಕ ಹಾಕಿಕೊಂಡು, “ನೀನು ಹಾಗೆ ಮಾಡಬಾರದಿತ್ತು” ಎನ್ನುತ್ತಾರೆ.

ಇಲ್ಲ ಬಿಡಿ, ಹೋಗಲಿ ಎಂದು ಯಾರೂ ಸಮಾಧಾನ ಹೇಳುವುದಿಲ್ಲ. ಅಕ್ಕ ಸಮಾಧಾನ ಬೇಡುವುದೂ ಇಲ್ಲ. ಮಂಡಿಯ ಮೇಲೆ ಕೈಯಿಟ್ಟು, ತಪ್ಪು ಮಾಡಿದ ವಿದ್ಯಾರ್ಥಿಯಂತೆ ಕೂತಿದ್ದಾರೆ. ಕೊನೆಗೆ ಬಾಯಿ ಬಿಡುವವರು ಆದರೆ ಮೇಷ್ಟ್ರು. ಆದರೆ, ಕೋಣೆಯ ಹೊರಗೆ ಓದಿಕೊಂಡು ಬಂದದ್ದು ಕೋಣೆಯಲ್ಲಿ ಬಿಡಿಸಿದ ಹಾಗಾಗುವುದಿಲ್ಲವಲ್ಲ ಎಂದು ಅವರ ವಾದ. ಹಾಗೆ ನೋಡಿದರೆ ಲೆಕ್ಕ ಇನ್ನೂ ಹಾಗೇ ಇದೆ.

ದೊಡ್ಡ ಮೇಷ್ಟ್ರು ಅವರನ್ನೊಮ್ಮೆ, ಹಲಗೆಯನ್ನೊಮ್ಮೆ ನೋಡುತ್ತಾರೆ. ಎದ್ದು, ಹೊಸ ಲೆಕ್ಕವನ್ನು ತಾವೇ ಅಳಿಸಿ, ತ್ರಿಭುಜ ಬರೆಯುತ್ತಾರೆ. ಕ್ಷೇತ್ರಫಲ ಎಂಬ ಮಾತನ್ನು ಯಾರೂ ಎತ್ತಕೂಡದೆಂದು ಎಚ್ಚರಿಸುತ್ತಾರೆ. ಆಮೇಲೆ ಕಿಟಕಿಯ ಕಡೆ ತಿರುಗದೆ ಹೇಳುತ್ತಾರೆ: “ನೀನು ಹುಬ್ಬು ಏರಿಸಬೇಡ.”

ಇದು ಕ್ಷಮೆಯೋ ಶಿಕ್ಷೆಯೋ ಅಕ್ಕನಿಗೆ ತಿಳಿಯದು. ಕೇಳುವ ಧೈರ್ಯವೂ ಇಲ್ಲ.

ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬರುವವರೆಗೆ ಮೇಷ್ಟ್ರು ಚುಕ್ಕೆ ನಡೆಸುತ್ತಾರೆ. ಎಂಎಸ್ಸಿ ಮೇಡಂ ಪಕ್ಕದಲ್ಲಿ ನಿಂತು ಸ್ಕೇಲು ಹಿಡಿದುಕೊಡುತ್ತಾರೆ. ಎಳೆಯುವುದು, ಅಳಿಸುವುದು, ಮತ್ತೆ ಎಳೆಯುವುದು. ಒಮ್ಮೆಯಂತೂ ಮೇಷ್ಟ್ರು ಇಷ್ಟು ದಿನ ತಮಗೆ ಸಿಗದ ಆ ಒಂದು ಮಾತಿನ ಹೊಸ್ತಿಲಿಗೇ ಬರುತ್ತಾರೆ. ಅಕ್ಕ ತಮ್ಮ ಮುಖ ಏನನ್ನಾದರೂ ಹೇಳಿಬಿಟ್ಟೀತೆಂದು ಕಿಟಕಿಯ ಹೊರಗೆ ತಿರುಗುತ್ತಾರೆ. ಮೇಷ್ಟ್ರು ತಲೆಯಾಡಿಸಿ ಎಲ್ಲವನ್ನೂ ಅಳಿಸಿಬಿಡುತ್ತಾರೆ. ಆ ಒಂದು ಮಾತನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ದೊಡ್ಡ ಮೇಷ್ಟ್ರು ಈ ಪುರವಣಿಯನ್ನು ತಪ್ಪದೆ ಓದುತ್ತಾರೆ.

ಚಹಾ ಬಗ್ಗಿಸಿದವರು ಅಕ್ಕನೇ. ಜ್ಞಾನಿಗಳೇ ಎಂದು ಇವತ್ತು ಯಾರೂ ಚೇಷ್ಟೆ ಮಾಡುವುದಿಲ್ಲ. ಮೇಷ್ಟ್ರು ಲೋಟ ತೆಗೆದುಕೊಂಡು, ಹಲಗೆಯನ್ನೇ ನೋಡುತ್ತ ಕುಡಿದು, ಖಾಲಿ ಲೋಟವನ್ನು ಅಕ್ಕನ ಕೈಗೇ ಕೊಡುತ್ತಾರೆ. ಮುಖ ನೋಡುವುದಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, ದಪ್ಪ ರಟ್ಟು ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಆದರೆ ಮೇಷ್ಟ್ರನ್ನು ವಿಚಾರಿಸುತ್ತಾರೆ.

ಎಲ್ಲರೂ ಹೋದ ಮೇಲೆ ಅಕ್ಕ ಬೆಂಚುಗಳನ್ನು ಸಾಲಾಗಿ ಇಡುತ್ತಾರೆ, ಲೋಟ ತೊಳೆಯುತ್ತಾರೆ. ಈಗ ನಿಮಗೇನು ಆಸೆ ಎಂದು ಕೇಳಿದರೆ, ಯಾವತ್ತಾದರೂ ತಾವೇ ಒಂದು ಲೆಕ್ಕ ಬಿಡಿಸಬೇಕು ಎಂಬ ಮಾತು ಅವರ ಬಾಯಿಂದ ಬರುವುದಿಲ್ಲ. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಅದನ್ನೇ ಹಿಡಿದುಕೊಂಡು ನಿಲ್ಲುತ್ತಾರೆ.

“ಮೇಷ್ಟ್ರಿಗೆ ಅದು ಸಿಗಲಿ. ಸಿಕ್ಕಿದ ದಿನ ನಾನೂ ಕೋಣೇಲಿರಬೇಕು, ಅಷ್ಟೇ.” ಬೀಗದಿಂದ ಕೈ ತೆಗೆಯುತ್ತಾರೆ. “ಅಷ್ಟರೊಳಗೆ ನಾನು ಓದಿದ್ದು ನನಗೆ ಮರೆ‍ತುಹೋಗಿದ್ರೆ ಇನ್ನೂ ಒಳ್ಳೇದು.”